ಕಣದ ಗೋಡೆ ಬದಿಯ ಟೊಮೆಟೊ

ನಮ್ಮ ಮನೆಗೆ ಹನ್ನೆರಡು ವರ್ಷ ಟೊಮೆಟೊ ಬರಲಿಲ್ಲ. ಸಾರಿಗೂ ಹುಣಿಸೆಹಣ್ಣು, ಗೊಜ್ಜಿಗೂ ಹುಣಿಸೆಹಣ್ಣು. ಹೊಸ ನೆಂಟರು ಯಾರಾದರೂ ಊಟಕ್ಕೆ ಕೂತು, ಒಂದು ಟೊಮೆಟೊ ಹಿಂಡಿದ್ದರೆ ಸಾರು ಇನ್ನೂ ರುಚಿಯಾಗುತ್ತಿತ್ತು ಎಂದರೆ ಅವ್ವ ಕೇಳಿಸದವಳ ಹಾಗೆ ಎದ್ದು ಒಳಗೆ ಹೋಗುತ್ತಿದ್ದಳು. ಗೊತ್ತಿದ್ದವರು ಆ ಮಾತೇ ಎತ್ತುತ್ತಿರಲಿಲ್ಲ. ಇದಕ್ಕೆಲ್ಲ ಕಾರಣ ನಾನು ಎಂಬುದು ಸುತ್ತಮುತ್ತಲಿನವರಿಗೆಲ್ಲ ಗೊತ್ತಿತ್ತು. ಅವರಿಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ, ಓದಿ ನೊಂದುಕೊಳ್ಳಲು ಅವ್ವ ಇಲ್ಲ ಎಂಬ ಧೈರ್ಯದಲ್ಲಿ.

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಆಳುಗಳಿಗೆ ಕೆಲಸ ಹಂಚುವುದು, ಹಾಜರಿ ಹಾಕುವುದು, ಸ್ಟೋರಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವುದು ಅವನ ಕೆಲಸ. ನಮಗೆ ಕೊಟ್ಟಿದ್ದ ಮನೆ ಕಾಫಿ ಒಣಗಿಸುವ ಕಣಕ್ಕೆ ಅಂಟಿಕೊಂಡಿತ್ತು. ನಾನು ಪಿಯುಸಿಯಲ್ಲಿ ಎರಡು ವಿಷಯ ಫೇಲಾಗಿ ಮನೆಯಲ್ಲಿ ಕೂತಿದ್ದೆ. ಓದುತ್ತಿದ್ದೇನೆ ಎಂದು ಹೇಳಿಕೊಂಡು ಕಿಟಕಿಯ ಹತ್ತಿರ ಪುಸ್ತಕ ಬಿಚ್ಚಿಟ್ಟು ಆಳುಗಳ ಜಗಳ ಕೇಳುತ್ತಾ ಹೊತ್ತು ಕಳೆಯುತ್ತಿದ್ದೆ. ಮೈಗಳ್ಳಿ ಎಂದು ಅವ್ವ ಬೈಯುತ್ತಿದ್ದಳು. ಅದು ಬೈಗುಳ ಅಲ್ಲ, ಇದ್ದ ಮಾತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬಿಸಿಲೆ ಕಡೆಗೆ ಕೊಟ್ಟಿತ್ತು. ಅಲ್ಲಿ ಮಳೆ ಶುರುವಾದರೆ ನಿಲ್ಲುವ ಮಾತೇ ಇಲ್ಲ, ಟೊಮೆಟೊ ಗಿಡ ಹೂ ಬಿಡುವ ಮೊದಲೇ ಕೊಳೆತು ಹೋಗುತ್ತದೆ. ಅಕ್ಕನಿಗೆ ಟೊಮೆಟೊ ಎಂದರೆ ಪ್ರಾಣ. ಅದೂ ಸಂತೆಯ ಗಟ್ಟಿ ಹಣ್ಣಲ್ಲ. ಅಜ್ಜಿಯ ಕಾಲದಿಂದ ಬೀಜ ಹಿಡಿದುಕೊಂಡು ಬಂದಿದ್ದ ನಾಟಿ ಹಣ್ಣು, ಮೈಯೆಲ್ಲ ಗೀರುಗೀರಾಗಿ ಹೋಳು ಬಿಟ್ಟಂತೆ ಇರುವಂಥದು, ಕಚ್ಚಿದರೆ ದವಡೆ ಜುಮ್ಮೆನ್ನುವಷ್ಟು ಹುಳಿ. ಮೊದಲ ಸಲ ಬಸುರಾದಾಗ ಅವಳು ನನಗೆ ಒಂದು ಇನ್‌ಲ್ಯಾಂಡ್ ಲೆಟರ್ ಬರೆದಿದ್ದಳು. ಗೌರಿ ಹಬ್ಬಕ್ಕೆ ಬೀಜ ಚೆಲ್ಲು, ನಾನು ದಸರಾ ಕಳೆದು ಬರುವ ಹೊತ್ತಿಗೆ ಗಿಡ ಮೊಣಕಾಲುದ್ದ ಇರಬೇಕು, ಹೆರಿಗೆಗೆ ಮೊದಲು ಹೊಟ್ಟೆ ತುಂಬ ತಿನ್ನಬೇಕು, ಆಮೇಲೆ ಅವ್ವ ಐದು ತಿಂಗಳು ಹುಳಿ ಮೂಸಲೂ ಬಿಡುವುದಿಲ್ಲ ಎಂದು.

ನಾನು ಚೆಲ್ಲಲಿಲ್ಲ. ನಾಳೆ ಹಾಕಿದರಾಯಿತು ಎಂದು ದಿನ ದೂಡಿದೆ. ಅಕ್ಕ ಹೊಟ್ಟೆ ಹೊತ್ತುಕೊಂಡು ಜೀಪಿನಿಂದ ಇಳಿದವಳು ಕೈಕಾಲು ಕೂಡ ತೊಳೆಯದೆ ಹಿತ್ತಿಲಿಗೆ ಹೋದಳು.

“ಎಲ್ಲೇ ಗಿಡ?”

“ಮಳೆ ಬಿಡ್ಲಿಲ್ಲ ಕಣಕ್ಕ.”

“ಮಳೆ ಬಿಡ್ಲಿಲ್ವೋ, ನೀ ಹಾಸಿಗೆ ಬುಟ್ಟು ಏಳ್ಲಿಲ್ವೋ? ಬೀಜದ ಪೊಟ್ಟಣ ಎಲ್ಲೈತೆ, ತಾ ಇಲ್ಲಿ.”

ಬೈದಳು, ನಕ್ಕಳು, ಆವತ್ತೇ ಒಡೆದ ಬಕೆಟ್ಟಿನಲ್ಲಿ ಇದ್ದಷ್ಟೂ ಬೀಜ ಹಾಕಿಸಿದಳು. ಹೆರಿಗೆಗೆ ಪುಷ್ಯ ಮಾಸ ಎಂದು ಲೆಕ್ಕ ಹಾಕಿದ್ದರು. ಹಾಗೆ ನೋಡಿದರೆ ಕೂಸಿಗೂ ಹಣ್ಣಿಗೂ ಒಂದೇ ಹೊತ್ತು. ಯಾವುದು ಮೊದಲು ಬರುತ್ತದೋ ನೋಡೋಣ ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ನನ್ನ ಸೋಮಾರಿತನದಿಂದ ಶುರುವಾದ ಪಂದ್ಯ ಅದು.

ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಟೊಮೆಟೊ ನೆಡುವುದು ಹುಚ್ಚುತನ. ಹಗಲು ಬಿಸಿಲು ಚುರುಕಾಗಿರುತ್ತದೆ, ಸಂಜೆಯಾಗುತ್ತಲೇ ಮಂಜು ಇಳಿದು ಎಲೆಯೆಲ್ಲ ತೊಯ್ಯುತ್ತದೆ. ಬೆಳಿಗ್ಗೆ ಒಂಬತ್ತರವರೆಗೂ ಆ ತೇವ ಆರುವುದಿಲ್ಲ. ಅಕ್ಕನಿಗೆ ಇದು ಗೊತ್ತಿತ್ತು, ಅದಕ್ಕೇ ಜಾಗ ಹುಡುಕಿದಳು. ಕಣದ ಮೇಲಿನ ತುದಿಯಲ್ಲಿ ಸೊಂಟದೆತ್ತರದ ಕಲ್ಲುಗೋಡೆ ಇತ್ತು. ಇಡೀ ದಿನ ಸಿಮೆಂಟು ಕಣದ ಕಾವು ಕುಡಿದು ಅದು ಸಂಜೆ ಏಳಾದರೂ ಬೆಚ್ಚಗಿರುತ್ತಿತ್ತು. ಆ ಗೋಡೆಯ ಬುಡದಲ್ಲಿ ಹನ್ನೆರಡು ಸಸಿ ನೆಡಿಸಿದಳು. ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ. ಅಡ್ಡಮಣೆ ಹಾಕಿಕೊಂಡು ಕೂತು ಅಪ್ಪ ಆಳುಗಳಿಗೆ ಹೇಳುವ ದನಿಯಲ್ಲೇ ನನಗೆ ಕೆಲಸ ಹೇಳುತ್ತಿದ್ದಳು.

ಸಂಜೆ ಕಣದ ಹೆಂಗಸರು ಹರಡಿದ ಕಾಫಿಯನ್ನು ಗುಡ್ಡೆ ಮಾಡಿ ಮಂಜು ಬೀಳದ ಹಾಗೆ ಟಾರ್ಪಾಲು ಮುಚ್ಚುತ್ತಿದ್ದರು. ಅದೇ ಹೊತ್ತಿಗೆ ನಾನು ಟೊಮೆಟೊ ಮುಚ್ಚಬೇಕು. ಹಗಲೆಲ್ಲ ಕಣದಲ್ಲಿ ಕಾಯಲು ಇಟ್ಟ ಚಪ್ಪಟೆ ಕಲ್ಲುಗಳನ್ನು ತಂದು ಒಂದೊಂದು ಗಿಡದ ಬುಡದ ಸುತ್ತ ಜೋಡಿಸಬೇಕು. ಕಾಫಿ ಗಿಡ ಸವರಿದಾಗ ಬಿದ್ದ ಕಡ್ಡಿಗಳನ್ನು ಊರಿ ಅದರ ಮೇಲೆ ಗೋಣಿತಾಟು ಹಾಸಬೇಕು, ತಾಟು ಎಲೆಗೆ ತಾಗಬಾರದು. ಬೆಳಿಗ್ಗೆ ಬಿಸಿಲು ಗೋಡೆ ಮುಟ್ಟಿದ ಕೂಡಲೇ ತೆಗೆಯಬೇಕು, ಅರ್ಧ ಗಂಟೆ ತಡವಾದರೆ ಒಳಗೆ ಬೆವೆತು ಎಲೆ ಕೆಡುತ್ತದೆ. ಬೆರಳು ಮರಗಟ್ಟುವ ಚಳಿಯಲ್ಲಿ ನಾನು ಗೊಣಗುತ್ತಾ ಇದೆಲ್ಲ ಮಾಡಿದೆ. ಕಣದ ಹೆಂಗಸರು, “ಬಸ್ರಿ ಒಬ್ಳಲ್ಲ ಕಣ್ರೇ, ಹನ್ನೆರಡು ಜನ ಅವ್ರೆ ಈ ಮನೇಲಿ” ಎಂದು ನಗುತ್ತಿದ್ದರು.

ಡಿಸೆಂಬರಿನಲ್ಲಿ ಒಂದು ವಾರ ಮೋಡ ಕಟ್ಟಿ ಬಿಸಿಲೇ ಬರಲಿಲ್ಲ. ಎಲೆಗಳ ಮೇಲೆ ಎಣ್ಣೆ ಚೆಲ್ಲಿದಂಥ ಕಪ್ಪು ಕಲೆ ಬಿದ್ದವು. ಅಂಗಮಾರಿ. ಆಲೂಗಡ್ಡೆ ಬೆಳೆಯುವ ಆಲೂರು ಕಡೆಯವರು ಈ ಹೆಸರು ಕೇಳಿದರೆ ಹೆದರುತ್ತಾರೆ. ಅಪ್ಪ ಸ್ಟೋರಿನಿಂದ ಮೈಲುತುತ್ತ, ಸುಣ್ಣ ಕಲಸಿ ತರುತ್ತೇನೆಂದ. ತಿನ್ನೋ ಹಣ್ಣಿಗೆ ಅದು ಬೇಡ ಎಂದು ಅಕ್ಕ ಬಿಡಲಿಲ್ಲ. ಕಲೆ ಬಿದ್ದ ಗಿಡಗಳನ್ನು ಕಿತ್ತು ಸುಡಿಸಿದಳು. ವಾರದಲ್ಲಿ ಒಂಬತ್ತು ಹೋದವು, ಗೋಡೆಗೆ ತೀರ ಒತ್ತಿಕೊಂಡಿದ್ದ ಮೂರು ಉಳಿದವು. ಆ ಮೂರರ ತುದಿಗಳನ್ನು ಚಿವುಟಿಸಿ, ಹೂವನ್ನೆಲ್ಲ ಕೀಳಿಸಿ, ಕಚ್ಚಿದ್ದ ಕಾಯಿಗಳನ್ನಷ್ಟೇ ಉಳಿಸಿಕೊಂಡಳು. ಒಟ್ಟು ಹದಿನಾಲ್ಕು ಕಾಯಿ. ದಿನಾ ಬೆಳಿಗ್ಗೆ ಬಂದು ನೋಡುತ್ತಿದ್ದಳು. ಕಾಯಿಗಳು ಹಸಿರಾಗಿ, ಕಲ್ಲಾಗಿ, ಹಾಗೇ ಕೂತಿದ್ದವು.

ಒಂದು ಕಾಯಿಯ ತಳದಲ್ಲಿ ಮಾತ್ರ ಹಳದಿ ತಿರುಗಿದ್ದನ್ನು ನೋಡಿ ಬಂದ ದಿನವೇ ಅಕ್ಕನಿಗೆ ನೋವು ಬಂತು. ಹೇಳಿದ್ದಕ್ಕಿಂತ ಹತ್ತು ದಿನ ಮೊದಲು. ಎಸ್ಟೇಟಿನ ಜೀಪು ಕಾಫಿ ಹೇರಿಕೊಂಡು ಸಕಲೇಶಪುರಕ್ಕೆ ಹೋಗಿತ್ತು. ಆಳುಗಳ ಮನೆಸಾಲಿನಲ್ಲಿ, ಲೈನಿನಲ್ಲಿದ್ದ ಸೂಲಗಿತ್ತಿ ಅಜ್ಜಿಯನ್ನು ಕರೆಸಿದರು. ಅಕ್ಕನೂ ನಾನೂ ಹುಟ್ಟುವಾಗ ನಮ್ಮನ್ನು ಹಿಡಿದವಳು ಅವಳೇ. ಮಧ್ಯಾಹ್ನ ಊಟದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಪಂದ್ಯದಲ್ಲಿ ಕೂಸು ಗೆದ್ದಿತ್ತು, ಎಲ್ಲರೂ ಖುಷಿಯಾಗಿದ್ದೆವು.

ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿದರು. ಕೆಂಡದ ಬೋಗುಣಿ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಊಟಕ್ಕೆ ಬಿಸಿ ಅನ್ನ, ಮೆಣಸು, ಬೆಳ್ಳುಳ್ಳಿ, ತುಪ್ಪ. ಹುಳಿ ಕಂಡರೆ ಅವ್ವ ಬೆಂಕಿ. ಹುಳಿ ತಿಂದರೆ ತಾಯಿಗೆ ನಂಜು, ಅದು ಹಾಲಿನಲ್ಲಿ ಇಳಿದರೆ ಮಗುವಿಗೂ ನಂಜು ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅವಳ ಅವ್ವನಿಗೂ ಇರಲಿಲ್ಲ. ಆ ಹೊತ್ತಿನಲ್ಲಿ ನಮ್ಮ ಸುತ್ತ ಯಾರಿಗೂ ಇರಲಿಲ್ಲ.

ನಾನು ಮಾತ್ರ ದಿನಾ ಕಲ್ಲು ಜೋಡಿಸುತ್ತಿದ್ದೆ, ತಾಟು ಹೊದಿಸುತ್ತಿದ್ದೆ. ಈಗ ಹೇಳುವವರಿಲ್ಲದಿದ್ದರೂ ಮಾಡುತ್ತಿದ್ದೆ. ಎಂಟನೆಯ ದಿನ ಆ ಒಂದು ಹಣ್ಣು ಪೂರ್ತಿ ಕೆಂಪಾಯಿತು. ಹೋಗಿ ಅಕ್ಕನ ಕಿವಿಯಲ್ಲಿ ಹೇಳಿದೆ.

“ನಿಜ್ವಾ? ತಂದು ತೋರ್ಸೇ.”

“ಅವ್ವ ಕೊಂದಾಳು.”

“ತಿನ್ನಲ್ಲ ಕಣೆ, ಬರೀ ನೋಡ್ತೀನಿ. ನಿನ್ ದಮ್ಮಯ್ಯ.”

ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಟ್ಟೆ. ಅಕ್ಕ ಅದನ್ನು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಮಗುವಿನ ಮೂಗಿಗೂ ಹಿಡಿದಳು. “ನೋಡೆ ಪುಟ್ಟಿ, ನಿನ್ ಚಿಗವ್ವ ಬೆಳೆದಿದ್ದು, ಮೈಗಳ್ಳಿ ಕೈಲೂ ಬೆಳೀತದೆ” ಎಂದಳು. ಅಷ್ಟರಲ್ಲಿ ಅವ್ವನ ಹೆಜ್ಜೆ ಕೇಳಿಸಿ ನಾನು ಎದ್ದು ಹೊರಗೆ ಬಂದುಬಿಟ್ಟೆ. ಸಂಜೆ ಹೋಗಿ “ತಿಂದ್ಯಾ?” ಎಂದು ಪಿಸುಗುಟ್ಟಿದರೆ, ಅವ್ವ ಅಲ್ಲೇ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು, ಅಕ್ಕ ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ತಿಂದಿದ್ದಾಳೆ ಎಂದುಕೊಂಡೆ. ಅಷ್ಟು ಆಸೆಪಟ್ಟವಳು ತಿನ್ನದೆ ಇರುತ್ತಾಳೆಯೇ? ನನಗೆ ಹೆಮ್ಮೆಯೂ ಆಯಿತು.

ಮರುದಿನ ಅವಳಿಗೆ ಜ್ವರ ಬಂತು. ಹತ್ತನೆಯ ದಿನ ಬೆಳಿಗ್ಗೆ ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು, ಹೊಟ್ಟೆ ನೋವು ಎಂದು ಮುಲುಕುತ್ತಿದ್ದಳು. ಅಪ್ಪ ಕೆಲಸ ಹಂಚುವುದನ್ನು ಬಿಟ್ಟು ಎಸ್ಟೇಟಿನ ಸಾಹುಕಾರರ ಮನೆಗೆ ಓಡಿ ಜೀಪು ಕೇಳಿ ತಂದ. ಕುಯ್ಲಿನ ಕಾಲದಲ್ಲಿ ಜೀಪು ಸಿಕ್ಕುವುದೇ ದೊಡ್ಡದು. ಜೀಪು ಕಣದಲ್ಲಿ ನಿಂತು ಗುರುಗುಡುತ್ತಿತ್ತು. ಹೊರಗೆ ಮಂಜು ಎಷ್ಟಿತ್ತೆಂದರೆ ಡ್ರೈವರನ ಮುಖ ಕಾಣುತ್ತಿರಲಿಲ್ಲ. ಅವ್ವ ಅಕ್ಕನಿಗೆ ಎರಡು ಕಂಬಳಿ ಸುತ್ತುತ್ತಿದ್ದಳು. ಸೂಲಗಿತ್ತಿ ಅಜ್ಜಿ ಮಗುವನ್ನು ಎತ್ತಿಕೊಂಡಿದ್ದಳು. ಇದೇನು ಜ್ವರ, ಯಾಕೆ ಬಂತು, ಎಲ್ಲಿ ತಪ್ಪಿತು ಎಂದು ಅವ್ವ ಮತ್ತೆ ಮತ್ತೆ ಕೇಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅವ್ವಾ, ನಾನು ಅಕ್ಕಂಗೆ ಟಮೋಟ ಕೊಟ್ಬುಟ್ಟೆ.”

ಅವ್ವ ತಿರುಗಿ ಕೆನ್ನೆಗೆ ಬಾರಿಸಿದಳು. ಆ ಏಟು ಮರೆತುಹೋದರೂ ನಡೆಯುತ್ತದೆ. ಮರೆಯಲಾಗದ್ದು ಆಮೇಲಿನದು. ಅವ್ವನ ಮುಖದ ಬಿಗಿ ಸಡಿಲವಾಯಿತು. ಏನೆಂದು ತಿಳಿಯದೆ ನಡುಗುತ್ತಿದ್ದವಳಿಗೆ ಕಾಯಿಲೆ ಯಾವುದೆಂದು ಗೊತ್ತಾಗಿಬಿಟ್ಟಿತು. ಅದು ಅವಳಿಗೆ ಗೊತ್ತಿದ್ದ ಕಾಯಿಲೆ, ಅವಳ ಕೈಯಲ್ಲಿ ಮದ್ದಿದ್ದ ಕಾಯಿಲೆ.

“ಹಂಗಾದ್ರೆ ನಂಜು. ನಂಜಿಗೆ ಆಸ್ಪತ್ರೆ ಯಾಕ್ರೀ? ಈ ಮಂಜಲ್ಲಿ ಹಸಿ ಬಾಣಂತೀನ ಜೀಪಲ್ಲಿ ಕುಲುಕಿಸ್ಕೊಂಡು ಹೋದ್ರೆ ಸನ್ನಿ ಹಿಡೀತದೆ, ಆಮೇಲೆ ದಕ್ಕಲ್ಲ.”

ಅಪ್ಪ ಅಜ್ಜಿಯ ಮುಖ ನೋಡಿದ. “ನಂಜೇಯ ಕಣಪ್ಪ, ಕಷಾಯ ಬಿದ್ರೆ ಎರಡು ದಿನಕ್ಕೆ ಇಳೀತದೆ” ಎಂದಳು ಅಜ್ಜಿ.

ಆಗ ಕಂಬಳಿಯೊಳಗಿಂದ ಅಕ್ಕ ಅಂದಳು, “ತಿಂದಿಲ್ಲ ಕಣವ್ವ.”

“ಮುಚ್ಚು ಬಾಯಿ. ಚಿಕ್ಕೋಳಿಂದ ನೋಡಿಲ್ವಾ ನಿನ್ನ? ಬಾಯಲ್ಲಿ ಹುಣಸೆ ಬೀಜ ಇಟ್ಕೊಂಡೇ ಇಲ್ಲ ಅಂತಿದ್ದೋಳು.”

“ಇಲ್ಲ ಕಣವ್ವ, ಆಣೆ. ಇಲ್ಲೇ...” ಎನ್ನುತ್ತಾ ಗೋಡೆಯ ಕಡೆ ಕೈ ತಡಕಾಡಿದಳು. ಹಲ್ಲು ಕಟಕಟ ಎನ್ನುತ್ತಿದ್ದವು. ಅವ್ವ ಆ ಕೈಯನ್ನು ಹಿಡಿದು ಕಂಬಳಿಯೊಳಗೆ ತೂರಿಸಿ ಬಿಗಿಯಾಗಿ ಹೊದಿಸಿದಳು. ಅಕ್ಕ ನನ್ನ ಕಡೆ ನೋಡಿದಳು. ನನಗೆ ಇನ್ನೊಂದು ಏಟು ಬೀಳದಿರಲಿ ಎಂದು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ನಾನು ತಲೆ ತಗ್ಗಿಸಿದೆ.

ಅಪ್ಪ ಹೊರಗೆ ಹೋಗಿ ಡ್ರೈವರಿಗೆ ಏನೋ ಹೇಳಿದ. ಜೀಪು ಹಿಂದಕ್ಕೆ ತಿರುಗಿ ಮಂಜಿನಲ್ಲಿ ಹೋಯಿತು. ಅದರ ಸದ್ದು ಕೆಳಗಿನ ತಿರುವಿನವರೆಗೂ ಕೇಳಿಸುತ್ತಿತ್ತು.

ಮೂರು ದಿನ ಕಷಾಯ ನಡೆಯಿತು. ಅರಿಶಿನ, ಮೆಣಸು, ಬೇವಿನ ಚಕ್ಕೆ. ಹನಿಹನಿಯಾಗಿ ಕುಡಿಸಿದರು. ಒಂದು ಮಧ್ಯಾಹ್ನ ಜ್ವರ ಕೊಂಚ ಇಳಿದಂತಾದಾಗ ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಸಂಜೆ ಮತ್ತೆ ಏರಿತು. ಮೂರನೆಯ ದಿನ ಅಕ್ಕ ಮಗುವಿನ ಅಳುವಿಗೂ ಕಣ್ಣು ತೆರೆಯಲಿಲ್ಲ. ಆಗ ಜೀಪು ಬಂತು. ಸಕಲೇಶಪುರದಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಜ್ವರ ಎಂದಿನಿಂದ ಎಂದು ಕೇಳಿದರು. ಅಪ್ಪ ಟೊಮೆಟೊ ವಿಷಯ ಹೇಳಿದ. ಅವರು ತಲೆ ಅಲ್ಲಾಡಿಸಿದರು. ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳಬೇಕಾದ ಕಸ ಪೂರ್ತಿ ಬಿದ್ದಿಲ್ಲ, ಒಳಗೆ ಕೀವಾಗಿದೆ, ಏನು ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಮೊದಲ ದಿನವೇ ತಂದಿದ್ದರೆ ನೋಡಬಹುದಿತ್ತು, ಈಗ ಹಾಸನಕ್ಕೆ ಒಯ್ಯಿರಿ ಎಂದರು. ಕೇಳಿಸಿಕೊಂಡವರು ಅಪ್ಪ ಮತ್ತು ನಾನು ಇಬ್ಬರೇ. ಅವ್ವ ಮಗುವನ್ನು ಹಿಡಿದುಕೊಂಡು ಮನೆಯಲ್ಲಿದ್ದಳು. ಆಲೂರಿನ ತಿರುವು ದಾಟುವಾಗ ಅಕ್ಕನ ತಲೆ ನನ್ನ ತೊಡೆಯ ಮೇಲೆ ಒಂದು ಕಡೆಗೆ ವಾಲಿತು. ಅಪ್ಪ ಮುಂದಿನ ಸೀಟಿನಿಂದ ತಿರುಗಿ ನೋಡಿದ. ಡ್ರೈವರ್ ತಾನಾಗಿ ಗಾಡಿ ನಿಲ್ಲಿಸಿದ.

ಬಿಸಿಲೆ ಕಡೆ, ಭಾವನ ಮನೆಯ ಹೊಲದಲ್ಲಿ ಮಣ್ಣು ಮಾಡಿದರು. ಡಾಕ್ಟರು ಹೇಳಿದ್ದನ್ನು ಅಪ್ಪ ಅವ್ವನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದನ್ನು ಹೇಳಬಾರದು ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಕೂಡ ಹೇಳಿಕೊಳ್ಳಲಿಲ್ಲ.

ಮಣ್ಣು ಮಾಡಿದ ಐದನೆಯ ದಿನ ಬಾಣಂತಿ ಕೋಣೆಯನ್ನು ಸಾರಿಸಲು ಅವ್ವ ನನಗೆ ಹೇಳಿದಳು. ಹಾಸಿಗೆಯನ್ನು ಸುಡಲು ಎತ್ತುವಾಗ ಗೋಡೆಯ ಕಡೆಯ ಸಂದಿಯಲ್ಲಿ ಮಗುವಿನ ಹಳೆಯ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದೆ. ಟೊಮೆಟೊ. ಸಿಪ್ಪೆ ಸುಕ್ಕುಗಟ್ಟಿತ್ತು, ಒಂದು ಕಡೆ ಮೆತ್ತಗಾಗಿತ್ತು. ಹಲ್ಲಿನ ಗುರುತು ಎಲ್ಲೂ ಇರಲಿಲ್ಲ. ತೊಟ್ಟು ಕೂಡ ಹಾಗೇ ಇತ್ತು. ಅಕ್ಕನ ಕೈ ತಡಕಾಡಿದ ಜಾಗ ಅದೇ.

ಅದನ್ನು ಮತ್ತೆ ಹಾಗೇ ಗಂಟು ಕಟ್ಟಿದೆ. ನಾನು ಹಣ್ಣು ಕೊಟ್ಟದ್ದರಿಂದ ಅವಳಿಗೆ ಏನೂ ಆಗಿರಲಿಲ್ಲ. ಕೊಟ್ಟೆ ಎಂದು ಬಾಯಿ ಬಿಟ್ಟದ್ದರಿಂದ ಜೀಪು ಹಿಂದಕ್ಕೆ ಹೋಯಿತು. ಆ ಒಂದು ಸಲ ನಾನು ನಿಜ ಹೇಳದೆ ಕಳ್ಳಿಯ ಹಾಗೆ ಬಾಗಿಲ ಹಿಂದೆ ನಿಂತಿದ್ದರೆ ಅಕ್ಕ ಆವತ್ತೇ ಸಕಲೇಶಪುರದ ಆಸ್ಪತ್ರೆಯಲ್ಲಿ ಇರುತ್ತಿದ್ದಳು. ಅವಳು ಹೇಳಿದ್ದೂ ನಿಜವೇ. ಅದನ್ನು ನಾನೇ ನಂಬಲಿಲ್ಲ.

ಗಂಟು ಹಿಡಿದುಕೊಂಡು ಅವ್ವನಿಗೆ ತೋರಿಸಲು ಹೊರಟೆ. ನಡುಮನೆಯಲ್ಲಿ ಅವ್ವ ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಮಾತಾಡಿಸಲು ಬಂದಿದ್ದ ಲೈನಿನ ಹೆಂಗಸರಿಗೆ ಹೇಳುತ್ತಿದ್ದಳು, “ಒಂದು ಟಮೋಟ ಕಣ್ರವ್ವ, ಒಂದೇ ಒಂದು. ನಂಜು ತಲೆಗೇರ್ಬುಡ್ತು. ನಾನೂ ಮಾಡೋದೆಲ್ಲ ಮಾಡ್ದೆ.” ಅವಳಿಗೆ ಉಳಿದಿದ್ದದ್ದು ಆ ಟೊಮೆಟೊ ಒಂದೇ. ಅದನ್ನು ಕಿತ್ತುಕೊಂಡರೆ ಜೀಪನ್ನು ವಾಪಸು ಕಳಿಸಿದ ಅವ್ವ ಒಬ್ಬಳೇ ಉಳಿಯುತ್ತಿದ್ದಳು. ಹಿಂದೆ ತಿರುಗಿ ಹಿತ್ತಿಲಿಗೆ ಹೋಗಿ ಕಾಫಿ ಸಿಪ್ಪೆಯ ಗುಂಡಿಗೆ ಹಣ್ಣನ್ನು ಎಸೆದೆ. ಗೋಡೆ ಬದಿಯ ಹದಿಮೂರು ಕಾಯಿಗಳು ಹೊದಿಕೆಯಿಲ್ಲದೆ ಮಂಜಿಗೆ ಕಪ್ಪಾಗಿದ್ದವು.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಸಿಪ್ಪೆಗುಂಡಿಯ ತುಂಬ ಟೊಮೆಟೊ ಸಸಿ ಎದ್ದವು. ಅವ್ವ ನೋಡಿದಳು. ಇದೆಲ್ಲಿಂದ ಬಂತು ಎಂದು ಕೇಳಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಗುಂಡಿಗೆ ಇಳಿದು ಒಂದೊಂದನ್ನೇ ಬೇರು ಸಮೇತ ಕಿತ್ತಳು. ಅಜ್ಜಿಯ ಕಾಲದ ಬೀಜ ಅಲ್ಲಿಗೆ ಮುಗಿಯಿತು.

ಅಕ್ಕನ ಮಗಳು ನಮ್ಮ ಮನೆಯಲ್ಲೇ ಬೆಳೆದಳು. ಚಿಕ್ಕವಳಿದ್ದಾಗ ಸ್ಕೂಲಿನಿಂದ ಬಂದು, “ನಮ್ಮವ್ವ ಬಾಯಿ ಚಪಲಕ್ಕೆ ಸತ್ತೋದ್ಳಂತೆ, ಹೌದಾ ಚಿಗವ್ವ?” ಎಂದು ಕೇಳಿದಳು. ಯಾರು ಹೇಳಿದರು ಎಂದು ರೇಗಿದೆ, ಇಲ್ಲ ಎನ್ನಲಿಲ್ಲ. ಆ ಹುಡುಗಿ ಯಾರ ಮನೆಯಲ್ಲೂ ಏನನ್ನೂ ಕೇಳಿ ತಿನ್ನುವುದಿಲ್ಲ. ಬಡಿಸಿದ್ದನ್ನು ತಿಂದು ಏಳುತ್ತಾಳೆ. ಎಷ್ಟು ಒಳ್ಳೆಯ ಮಗು ಎಂದು ಎಲ್ಲರೂ ಹೊಗಳುತ್ತಾರೆ.

ಹನ್ನೆರಡು ವರ್ಷದ ಮೇಲೆ ಅವ್ವ ಹಾಸಿಗೆ ಹಿಡಿದದ್ದು ಅಕ್ಕ ಹೋದ ತಿಂಗಳಲ್ಲೇ, ಕಣದಲ್ಲಿ ಕಾಫಿ ಒಣಗುವ ಕಾಲ. ಗಂಟಲಲ್ಲಿ ನೀರು, ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು.

“ನಿನ್ ಮೇಲೆ ಸಿಟ್ಟಿಲ್ಲ ಕಣೆ. ಆವತ್ತು ಹೊಡೆದ್ಬುಟ್ಟೆ.”

“ಅದೆಲ್ಲ ಯಾಕವ್ವ ಈಗ.”

“ನೀನು ಆಸೆಗೆ ಕೊಟ್ಟೆ. ನಿಂಗೇನು ಗೊತ್ತಿತ್ತು. ಅವ್ಳು ಹಡೆದೋಳು, ಅವ್ಳಿಗೆ ಗೊತ್ತಿರ್ಬೇಕಿತ್ತು. ಅವ್ಳು ತಿನ್ಬಾರ್ದಿತ್ತು, ಅಲ್ವಾ?”

ನನ್ನ ಮುಖವನ್ನೇ ನೋಡುತ್ತಿದ್ದಳು. ಹನ್ನೆರಡು ವರ್ಷ ಅವಳು ಕಾದಿದ್ದದ್ದು ಈ ಒಂದು ಉತ್ತರಕ್ಕೆ ಎಂದು ನನಗೆ ಅನ್ನಿಸಿತು.

“ಹೂಂ ಕಣವ್ವ, ತಿನ್ಬಾರ್ದಿತ್ತು” ಎಂದೆ.

ಅವ್ವ ಕಣ್ಣು ಮುಚ್ಚಿಕೊಂಡಳು. ನಾನು ತಿರುಗಿ ನೋಡಿದಾಗ ಅಕ್ಕನ ಮಗಳು ಗಂಜಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟವನ್ನು ಸದ್ದಾಗದಂತೆ ಕಿಟಕಿಯ ಮೇಲಿಟ್ಟು ಹೊರಗೆ ಹೋದಳು.